ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಕೀಬೋರ್ಡ್ ಯಾರ ಕೈಯಲ್ಲಿರಬೇಕು?

ಸಂಪಾದಕರಿಗೆ,

ಮಾನ್ಯರೇ,

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕಾಲೇಜುಗಳಲ್ಲಿ ಮೊದಲ ಬಾರಿಗೆ ಪ್ರೋಗ್ರಾಂ ಬರೆಯಲು ಕೂರುವ ಮಕ್ಕಳ ಒಂದು ಕಷ್ಟದ ಕಡೆಗೆ ಅಧ್ಯಾಪಕರ, ಪ್ರಾಂಶುಪಾಲರ ಹಾಗೂ ಪಠ್ಯಕ್ರಮ ರೂಪಿಸುವವರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಈ ಭಾಗದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಂಪ್ಯೂಟರ್ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈಗ ಸಂಜೆ ಹೊತ್ತು ನಮ್ಮ ಓಣಿಯ ನಾಲ್ಕೈದು ಮಕ್ಕಳು, ಎಂಜಿನಿಯರಿಂಗ್ ಮೊದಲ ವರ್ಷದವರು, ಡಿಪ್ಲೊಮಾದವರು, ಬಿಸಿಎ ಓದುವವರು, ಓಡದ ಪ್ರೋಗ್ರಾಂಗಳನ್ನು ಹಿಡಿದುಕೊಂಡು ಮನೆಗೆ ಬರುತ್ತಾರೆ. ನೌಕರಿಯಲ್ಲಿದ್ದಾಗ ಕಣ್ಣಿಗೆ ಬೀಳದ ಸಂಗತಿಯೊಂದು ಇವರ ಜೊತೆ ಕೂತ ಮೇಲೆ ಕಂಡಿತು. ಸರಿಯಾದ ಪ್ರೋಗ್ರಾಂ ಹೇಗಿರುತ್ತದೆ ಎಂಬುದನ್ನು ನಾವು ಬೋರ್ಡಿನ ಮೇಲೆ ಬರೆದು ತೋರಿಸುತ್ತೇವೆ. ತಪ್ಪಿರುವ ಪ್ರೋಗ್ರಾಂ ಮುಂದೆ ಕೂತಾಗ ಏನು ಮಾಡಬೇಕೆಂಬುದನ್ನು ಮಾತ್ರ ಯಾವ ತರಗತಿಯಲ್ಲೂ ಹೇಳಿಕೊಡುವುದಿಲ್ಲ.

ಲ್ಯಾಬಿನಲ್ಲಿ ನಡೆಯುವುದನ್ನು ಇದ್ದ ಹಾಗೆಯೇ ಹೇಳುತ್ತೇನೆ. ಒಂದು ಬ್ಯಾಚಿನಲ್ಲಿ ಇಪ್ಪತ್ತು-ಮೂವತ್ತು ಮಕ್ಕಳು, ಕೈಯಲ್ಲಿರುವುದು ಎರಡು ಅಥವಾ ಮೂರು ತಾಸು. ಅರ್ಧ ತಾಸು ಕಳೆಯುವಷ್ಟರಲ್ಲಿ ಎಲ್ಲ ಮೂಲೆಗಳಿಂದ ‘ಸರ್, ರನ್ ಆಗವಲ್ದು’ ಎಂಬ ಕೂಗು ಏಳುತ್ತದೆ. ಇನ್‌ಸ್ಟ್ರಕ್ಟರ್ ಆದವನು ಓಡಿ ಹೋಗಿ, ಹುಡುಗನನ್ನು ತುಸು ಪಕ್ಕಕ್ಕೆ ಸರಿಸಿ, ಕೀಬೋರ್ಡ್ ತನ್ನ ಕೈಗೆ ತೆಗೆದುಕೊಂಡು, ಟಕಟಕನೆ ಎರಡು ಕೀಲಿ ಒತ್ತಿ, ‘ನೋಡು, ಆಯ್ತು’ ಎಂದು ಹೇಳಿ ಮುಂದಿನ ಕಂಪ್ಯೂಟರಿಗೆ ಹೋಗುತ್ತಾನೆ. ಹುಡುಗನಿಗೆ ಔಟ್‌ಪುಟ್ ಸಿಕ್ಕಿತು, ರೆಕಾರ್ಡಿಗೆ ಸಹಿ ಬಿತ್ತು. ಯಾವುದು ಕೆಟ್ಟಿತ್ತು, ಯಾಕೆ ಕೆಟ್ಟಿತ್ತು ಎಂಬುದು ಅವನಿಗೆ ಗೊತ್ತಾಗಲೇ ಇಲ್ಲ. ಬೇರೆಯವರನ್ನು ದೂರುವ ಉದ್ದೇಶ ನನಗಿಲ್ಲ, ಏಕೆಂದರೆ ನಾನೇ ಎಷ್ಟೋ ವರ್ಷ ಹೀಗೆ ಮಾಡಿದ್ದೇನೆ, ಅದೂ ಹೆಮ್ಮೆಯಿಂದ. ‘ಆ ಸರ್ ಕೈ ಇಟ್ಟರೆ ಸಾಕು, ಪ್ರೋಗ್ರಾಂ ಓಡ್ತದ’ ಎಂದು ಮಕ್ಕಳು ಆಡಿಕೊಳ್ಳುವುದನ್ನು ಕೇಳಿ ಒಳಗೊಳಗೇ ಹಿಗ್ಗುತ್ತಿದ್ದೆ. ಅದೇ ಮಕ್ಕಳು ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರ ಮುಂದೆ, ಒಂದು ಆವರಣ ಚಿಹ್ನೆ ಬಿಟ್ಟುಹೋದದ್ದಕ್ಕೆ, ಬೆವರುತ್ತ ಬಾಗಿಲ ಕಡೆ ನನ್ನನ್ನು ಹುಡುಕುತ್ತಿದ್ದರು. ಆಗಲೂ ನನಗೆ ತಿಳಿಯಲಿಲ್ಲ.

ತಿಳಿದದ್ದು ಪಕ್ಕದ ಮನೆಯ ಹುಡುಗಿಯಿಂದ. ಮೊದಲ ಸೆಮಿಸ್ಟರಿನ ಸಿ ಭಾಷೆಯ ಅಭ್ಯಾಸದಲ್ಲಿ ಫ್ಯಾರನ್‌ಹೀಟ್ ಉಷ್ಣಾಂಶವನ್ನು ಸೆಲ್ಸಿಯಸ್‌ಗೆ ಬದಲಿಸುವ ಪುಟ್ಟ ಪ್ರೋಗ್ರಾಂ ಬರೆದುಕೊಂಡು ಬಂದಿದ್ದಳು. ಸೂತ್ರ ಪುಸ್ತಕದಲ್ಲಿದ್ದಂತೆಯೇ ಇತ್ತು: 5/9 * (ಎಫ್ - 32). ಬರೆದ ಪ್ರೋಗ್ರಾಂ ಅನ್ನು ಕಂಪ್ಯೂಟರಿಗೆ ತಿಳಿಯುವಂತೆ ಬದಲಿಸಿಕೊಡುವ ಕಂಪೈಲರ್ ಒಂದು ಮಾತೂ ಆಡದೆ ಒಪ್ಪಿಕೊಂಡಿತ್ತು. 110 ಕೊಟ್ಟರೆ ಬಂದ ಉತ್ತರ 0.000000. ಯಾವ ಸಂಖ್ಯೆ ಕೊಟ್ಟರೂ ಅದೇ. ನನ್ನ ಬೆರಳುಗಳು ಕೀಬೋರ್ಡ್ ಕಡೆ ಹೊರಟಿದ್ದವು. ಅಷ್ಟರಲ್ಲಿ ಅವಳೇ, ‘ಕಾಕಾ, ಇದು ಸುಳ್ಳ ಹೇಳ್ಲತ್ತದ. ಕಲಬುರ್ಗ್ಯಾಗ ಮೇ ತಿಂಗಳದಾಗ ಝೀರೊ ಡಿಗ್ರಿ ಎಲ್ಲಿರ್ತದ?’ ಎಂದಳು. ಆ ಮಾತು ಕೇಳಿ ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಉತ್ತರ ತಪ್ಪು ಎಂಬುದನ್ನು ಅವಳು ಕಂಪ್ಯೂಟರ್ ಹೇಳದೆಯೇ ಕಂಡುಹಿಡಿದಿದ್ದಳು. ಇನ್ನು ಉಳಿದಿದ್ದು ತಪ್ಪು ಎಲ್ಲಿ ಕೂತಿದೆ ಎಂಬುದಷ್ಟೇ.

‘ಎಫ್ ಒಳಗೆ ಏನಿದೆ ಅಂತ ಮೊದಲು ಪ್ರಿಂಟ್ ಮಾಡಿ ನೋಡವ್ವಾ’ ಎಂದೆ. 110.000000 ಬಂತು. ಅಂದರೆ ಓದಿಕೊಳ್ಳುವ ಸಾಲು ಸರಿಯಿದೆ. 32 ಕಳೆದು ನೋಡಿದಳು, 78.000000 ಬಂತು; ಅದೂ ಸರಿ. ‘ಇನ್ನು ಉಳಿದಿದ್ದು ಬರೀ ಐದು ಭಾಗಿಸು ಒಂಬತ್ತು’ ಎಂದು ನಗುತ್ತ, ಅದನ್ನೂ ಬೇರೆಯಾಗಿ ಪ್ರಿಂಟ್ ಮಾಡಿಸಿದಳು. 0 ಬಂತು. ಅವಳು ಪರದೆಯನ್ನೇ ನೋಡುತ್ತ ಬಹಳ ಹೊತ್ತು ಸುಮ್ಮನೆ ಕೂತಳು. ಸಿ ಭಾಷೆಯಲ್ಲಿ ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಪೂರ್ಣಾಂಕವೇ ಬರುತ್ತದೆ, ದಶಮಾಂಶದ ಭಾಗ ಬಿದ್ದುಹೋಗುತ್ತದೆ ಎಂಬ ಪಾಠ ಅವಳ ನೋಟ್ಸಿನಲ್ಲಿ ಇತ್ತು, ಇಂಟರ್ನಲ್ಸ್‌ನಲ್ಲಿ ಅದಕ್ಕೆ ಎರಡು ಅಂಕವನ್ನೂ ಪಡೆದಿದ್ದಳು. ಆ ವಾಕ್ಯಕ್ಕೂ ಈ ಸೊನ್ನೆಗೂ ಸಂಬಂಧವಿದೆ ಎಂಬುದು ಹೊಳೆದದ್ದು ಈಗ. 5ರ ಜಾಗದಲ್ಲಿ 5.0 ಎಂದು ಬರೆದಳು, 43.333332 ಬಂತು. ನಾನು ಕೀಬೋರ್ಡ್ ಕೈಗೆ ತೆಗೆದುಕೊಂಡಿದ್ದರೆ ಹತ್ತು ಸೆಕೆಂಡಿನ ಕೆಲಸ. ಅವಳಿಗೆ ಹಿಡಿದದ್ದು ಇಪ್ಪತ್ತು ನಿಮಿಷ. ಕೊನೆಯಲ್ಲಿ 3ರ ಬದಲು 2 ಯಾಕೆ ಬಂತು ಎಂದು ಅವಳು ಕೇಳಿದಾಗ, ದಶಮಾಂಶ ಸಂಖ್ಯೆ ಇಡುವ ಫ್ಲೋಟ್ ಎಂಬ ಡಬ್ಬಿಯಲ್ಲಿ ಸುಮಾರು ಏಳು ಅಂಕಿಗಳಷ್ಟೇ ನಂಬಿಕೆಗೆ ಅರ್ಹವಾಗಿ ಉಳಿಯುತ್ತವೆ ಎಂದು ಮಾತ್ರ ಹೇಳಿ, ಉಳಿದದ್ದನ್ನು ಮರುದಿನಕ್ಕೆ ಇಟ್ಟೆ. ಇಷ್ಟು ವರ್ಷದ ನೌಕರಿಯಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಕೇಳಲು ನಾನು ಬಿಟ್ಟಿರಲಿಲ್ಲ ಎಂದರೂ ಸರಿಯೇ.

ಹೊಸಬರ ತಪ್ಪುಗಳಲ್ಲಿ ಕೂಗಿ ಹೇಳುವ ತಪ್ಪುಗಳೂ ಇವೆ, ಬಾಯಿ ಬಿಡದ ತಪ್ಪುಗಳೂ ಇವೆ. ಹೆಚ್ಚು ಕಾಡುವುದು ಬಾಯಿ ಬಿಡದವು. ‘ಇಫ್’ ಎಂಬ ಷರತ್ತಿನೊಳಗೆ == ಬರೆಯಬೇಕಾದಲ್ಲಿ ಒಂದೇ = ಬರೆದರೆ ಸಿ ಭಾಷೆ ತಕರಾರು ಮಾಡುವುದಿಲ್ಲ; ಬಲಗಡೆಯ ಬೆಲೆಯನ್ನು ಎಡಗಡೆಯ ಡಬ್ಬಿಗೆ ಹಾಕಿ, ಹಾಕಿದ್ದು ಸೊನ್ನೆಯಲ್ಲದಿದ್ದರೆ ಷರತ್ತು ನಿಜವಾಯಿತೆಂದು ಮುಂದುವರಿಯುತ್ತದೆ. ಫೇಲಾದವನಿಗೂ ಪಾಸ್ ಎಂದು ಹೇಳುವ ಪ್ರೋಗ್ರಾಂಗಳನ್ನು ನಾನು ಹೀಗೆ ಎಷ್ಟೋ ನೋಡಿದ್ದೇನೆ. ಇದಕ್ಕೆ ನಾನು ಮಾಡಿಸುವುದು ಇಷ್ಟೇ: ಸಾಲನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸುವುದು. ಒಂಟಿ ಚಿಹ್ನೆಯನ್ನು ‘ಇದರಲ್ಲಿ 5 ಇಡು’ ಎಂದೂ, ಜೋಡಿ ಚಿಹ್ನೆಯನ್ನು ‘ಇದು 5ಕ್ಕೆ ಸಮವೇ?’ ಎಂದೂ ಓದಬೇಕು. ‘ಅಂಕದಲ್ಲಿ 35 ಇಟ್ಟರೆ ಪಾಸ್’ ಎಂದು ತಾನೇ ಓದಿದ ಹುಡುಗ ಅರ್ಧಕ್ಕೇ ನಿಲ್ಲುತ್ತಾನೆ; ಎರಡನ್ನೂ ‘ಈಕ್ವಲ್ ಟು’ ಎಂದೇ ಓದುವವನಿಗೆ ಜೀವಮಾನವಿಡೀ ಅದು ಕಾಣುವುದಿಲ್ಲ.

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪಿನ ‘ಫಾರ್’ ಅಥವಾ ‘ವೈಲ್’ ಸಾಲಿನ ಕೊನೆಗೆ ಅಭ್ಯಾಸಬಲದಿಂದ ಬೀಳುವ ಸೆಮಿಕೋಲನ್ನಿನ ಕಥೆಯೂ ಇಂಥದ್ದೇ. ಪ್ರತಿ ಸಾಲಿಗೂ ಸೆಮಿಕೋಲನ್ ಹಾಕಿ ಎಂದು ಮೊದಲ ವಾರ ನಾವೇ ಬಡಿದು ಹೇಳಿರುತ್ತೇವೆ, ಮಕ್ಕಳು ವಿಧೇಯರಾಗಿ ಅಲ್ಲಿಯೂ ಹಾಕುತ್ತಾರೆ. ಲೂಪ್ ಖಾಲಿಯಾಗಿ ತಿರುಗಿ ಮುಗಿಯುತ್ತದೆ, ಹತ್ತು ಸಲ ಬರಬೇಕಾದ ಸಾಲು ಒಂದೇ ಸಲ ಬರುತ್ತದೆ, ‘ವೈಲ್’ ಆದರೆ ಕಂಪ್ಯೂಟರ್ ಕಣ್ಣು ಮಿಟುಕಿಸುತ್ತ ಕೂತುಬಿಡುತ್ತದೆ. ಇವನ್ನು ಮೊದಲೇ ಹೇಳಬಲ್ಲ ಎಚ್ಚರಿಕೆಗಳು ಜಿಸಿಸಿ ಕಂಪೈಲರಿನಲ್ಲಿವೆ, ಆದರೆ ಕೇಳಿದರೆ ಮಾತ್ರ ಅದು ಹೇಳುತ್ತದೆ. ‘ಡಬ್ಲ್ಯು-ಆಲ್’ ಎಂಬ ಆಯ್ಕೆಯನ್ನು ಜೊತೆಗೆ ಕೊಟ್ಟರೆ ಷರತ್ತಿನೊಳಗಿನ ಒಂಟಿ ಚಿಹ್ನೆಯನ್ನು ತೋರಿಸುತ್ತದೆ; ಹೆಸರಿನಲ್ಲಿ ‘ಆಲ್’ ಇದ್ದರೂ ಅದು ಎಲ್ಲವನ್ನೂ ಹೇಳುವುದಿಲ್ಲವಾದ್ದರಿಂದ ‘ಡಬ್ಲ್ಯು-ಎಕ್ಸ್‌ಟ್ರಾ’ ಎಂಬುದನ್ನೂ ಸೇರಿಸಬೇಕು. ಎರಡು ಪದ ಹೆಚ್ಚು ಟೈಪ್ ಮಾಡುವ ಈ ಅಭ್ಯಾಸವನ್ನು ಮೊದಲ ದಿನವೇ ಮಾಡಿಸುವ ಲ್ಯಾಬ್ ನಾನು ಕಂಡಂತೆ ಅಪರೂಪ.

‘ಸ್ಕ್ಯಾನ್‌ಎಫ್’ ಎಂಬ ಓದಿಕೊಳ್ಳುವ ಆಜ್ಞೆ ಬಳಸುವಾಗ & ಚಿಹ್ನೆ ಮರೆಯುವುದು ಇನ್ನೊಂದು. ಸಂಖ್ಯೆಯನ್ನು ಯಾವ ಮನೆಗೆ ತಲುಪಿಸಬೇಕೆಂದು ವಿಳಾಸ ಹೇಳಬೇಕಾದಲ್ಲಿ ಆ ಮನೆಯೊಳಗೆ ಈಗ ಇರುವ ಸಾಮಾನಿನ ಹೆಸರು ಹೇಳಿದಂತಾಗುತ್ತದೆ. ಪೋಸ್ಟ್‌ಮನ್ ಎಲ್ಲಿಗೋ ಹೋಗುತ್ತಾನೆ, ಪ್ರೋಗ್ರಾಂ ‘ಸೆಗ್ಮೆಂಟೇಶನ್ ಫಾಲ್ಟ್’ ಎಂದು ಕುಸಿಯುತ್ತದೆ. ಹಾಗಾದರೆ ಒಬ್ಬರ ಹೆಸರನ್ನು ಓದಿಕೊಳ್ಳುವಾಗ & ಯಾಕೆ ಬೇಡ ಎಂದು ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುವ ಮನೆಗಳ ಸಾಲು ಅರೇ, ಅದರ ಹೆಸರು ಅಲ್ಲಿ ತಾನೇ ವಿಳಾಸವಾಗಿ ನಿಲ್ಲುತ್ತದೆ ಎಂದು ಒಂದು ನಿಮಿಷ ಕೂತು ಹೇಳಿದರೆ ಸಾಕು. ‘ಅದು ಹಂಗೇ, ಬಾಯಿಪಾಠ ಮಾಡು’ ಎಂದರೆ ಮುಂದೆ ಇಂಥ ವಿಳಾಸಗಳನ್ನೇ ಇಟ್ಟುಕೊಳ್ಳುವ ಪಾಯಿಂಟರ್ ಪಾಠಕ್ಕೆ ಬರುವ ಹೊತ್ತಿಗೆ ಅರ್ಧ ತರಗತಿ ಕೈಬಿಟ್ಟಿರುತ್ತದೆ.

ಕೂಗಿ ಹೇಳುವ ತಪ್ಪುಗಳ ಕಷ್ಟ ಬೇರೆ. ಅವು ಕೂಗುವುದು ಇಂಗ್ಲಿಷಿನಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡ, ಮರಾಠಿ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಬಂದ ನಮ್ಮ ಕಡೆಯ ಮಕ್ಕಳು ಆ ಕೆಂಪು ಸಾಲುಗಳನ್ನು ಓದುವುದೇ ಇಲ್ಲ. ಕೆಂಪು ಕಂಡ ಕೂಡಲೇ ಕೈ ಎತ್ತುತ್ತಾರೆ. ಬೀದರ್ ಜಿಲ್ಲೆಯ ಹುಡುಗನೊಬ್ಬ ಪೈಥಾನ್ ಭಾಷೆ ಕಲಿಯುವಾಗ ‘ಅನ್‌ಎಕ್ಸ್‌ಪೆಕ್ಟೆಡ್ ಇಂಡೆಂಟ್’ ಎಂಬ ಸಂದೇಶ ಕಂಡು ತಬ್ಬಿಬ್ಬಾಗಿದ್ದ. ಅವನ ತಂದೆ ಸರಕಾರಿ ಕಚೇರಿಯೊಂದರ ಉಗ್ರಾಣದಲ್ಲಿ ಕೆಲಸ ಮಾಡುವವರು. ಮನೆಯಲ್ಲಿ ಅವನು ಕೇಳಿದ ‘ಇಂಡೆಂಟ್’ ಎಂದರೆ ಸಾಮಾನು ಬೇಕೆಂದು ಕಳಿಸುವ ಬೇಡಿಕೆ ಪಟ್ಟಿ. ಕಂಪ್ಯೂಟರ್ ಯಾವ ಸಾಮಾನು ಕೇಳುತ್ತಿದೆ ಎಂದು ಅವನು ಯೋಚಿಸಿದ್ದರಲ್ಲಿ ನಗುವಂಥದ್ದೇನೂ ಇಲ್ಲ. ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗಕ್ಕೆ ಆ ಹೆಸರಿದೆ, ಪೈಥಾನ್‌ನಲ್ಲಿ ಆ ಜಾಗಕ್ಕೂ ಅರ್ಥವಿದೆ, ಒಂದು ಸಾಲಿಗೆ ಟ್ಯಾಬ್ ಒತ್ತಿ ಮುಂದಿನ ಸಾಲಿಗೆ ಸ್ಪೇಸ್ ಒತ್ತಿದರೆ ಕಣ್ಣಿಗೆ ಒಂದೇ ಥರ ಕಂಡರೂ ಅದು ಒಪ್ಪುವುದಿಲ್ಲ ಎಂದು ಹೇಳಿದ ಮೇಲೆ ಅವನೇ ಸರಿಪಡಿಸಿಕೊಂಡ.

ಈ ಸಂದೇಶಗಳಲ್ಲಿ ಪದೇ ಪದೇ ಬರುವವು ಮೂವತ್ತರ ಸುಮಾರಿಗಿವೆ. ಅವನ್ನು ಓದುವ ಕ್ರಮವೂ ಕಲಿಸಬೇಕಾದದ್ದೇ. ಸಿ ಕಂಪೈಲರ್ ಹನ್ನೆರಡು ತಪ್ಪು ತೋರಿಸಿದರೆ ನೋಡಬೇಕಾದದ್ದು ಮೊದಲನೆಯದನ್ನು ಮಾತ್ರ, ಉಳಿದ ಹನ್ನೊಂದು ಬಹಳ ಸಲ ಅದರ ಮರಿಗಳು; ಪೈಥಾನ್ ಟ್ರೇಸ್‌ಬ್ಯಾಕ್ (ತಪ್ಪಾದಾಗ ಅದು ತೋರಿಸುವ ಸಾಲುಗಳ ಪಟ್ಟಿ) ಆದರೆ ಕೊನೆಯ ಸಾಲಿನಿಂದ ಓದಲು ಶುರು ಮಾಡಬೇಕು. ಸಂದೇಶದಲ್ಲಿರುವ ಸಾಲಿನ ಸಂಖ್ಯೆ ಕಂಪೈಲರಿಗೆ ಅನುಮಾನ ಬಂದ ಜಾಗವೇ ಹೊರತು ತಪ್ಪು ನಡೆದ ಜಾಗವೇ ಆಗಿರಬೇಕಿಲ್ಲ. 7ನೇ ಸಾಲಿನಲ್ಲಿ ಬಿಟ್ಟ ಸೆಮಿಕೋಲನ್ನಿಗೆ ಹಳೆಯ ಕಂಪೈಲರ್‌ಗಳು 8ನೇ ಸಾಲನ್ನು ಬೈಯುತ್ತವೆ, ಮಕ್ಕಳು ಏನೂ ತಪ್ಪಿಲ್ಲದ 8ನೇ ಸಾಲನ್ನು ಅಳಿಸಿ ಅಳಿಸಿ ಬರೆಯುತ್ತ ಕೂರುತ್ತಾರೆ. ಹೊಸ ಆವೃತ್ತಿಗಳು ಎಷ್ಟೋ ಸುಧಾರಿಸಿವೆ. 2021ರಲ್ಲಿ ಬಂದ ಪೈಥಾನ್ 3.10 ಮುಚ್ಚದೆ ಬಿಟ್ಟ ಆವರಣ ಚಿಹ್ನೆ ಎಲ್ಲಿ ತೆರೆದದ್ದು ಎಂದು ತೋರಿಸುತ್ತದೆ, ಹೆಸರಿನ ಕಾಗುಣಿತ ತಪ್ಪಿದರೆ ‘ನೀವು ಹೇಳಬೇಕೆಂದಿದ್ದು ಇದೇ?’ ಎಂದು ಹತ್ತಿರದ ಹೆಸರನ್ನು ಸೂಚಿಸುತ್ತದೆ. ಲ್ಯಾಬಿನಲ್ಲಿ ಹಳೆಯ ಆವೃತ್ತಿಯೇ ಕೂತಿದ್ದರೆ ಈ ಸಹಾಯ ಮಕ್ಕಳಿಗೆ ದಕ್ಕುವುದಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ನಮ್ಮ ಮಕ್ಕಳಲ್ಲಿ ಎಷ್ಟೋ ಜನರ ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲ, ಅಭ್ಯಾಸವೆಲ್ಲ ಮೊಬೈಲಿನಲ್ಲಿ. ಮೊಬೈಲ್ ಕೀಬೋರ್ಡ್ ಸಾಲಿನ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡಿಬಿಡುತ್ತದೆ, ‘ಪ್ರಿಂಟ್‌ಎಫ್’ ಎಂಬ ಪದದ ಮೊದಲ ಅಕ್ಷರ ದೊಡ್ಡದಾದರೆ ಕಂಪೈಲರಿಗೆ ಅದು ಬೇರೆಯೇ ಪದ. ನೋಟ್ಸಿನ ಪಿಡಿಎಫ್‌ನಿಂದಲೋ ವರ್ಡ್ ಕಡತದಿಂದಲೋ ನಕಲು ಮಾಡಿದರೆ ನೆಟ್ಟಗಿನ ಉದ್ಧರಣ ಚಿಹ್ನೆಯ ಜಾಗದಲ್ಲಿ ಬಾಗಿದ ಚಿಹ್ನೆ ಬಂದು ಕೂರುತ್ತದೆ. ಆಗ ಜಿಸಿಸಿ ‘ಸ್ಟ್ರೇ 342’ ಎಂಬ ಅರ್ಥವಾಗದ ಸಂದೇಶ ಕೊಡುತ್ತದೆ. ಇದರಲ್ಲಿ ಹುಡುಗನ ಬುದ್ಧಿಯ ತಪ್ಪು ಏನೂ ಇಲ್ಲ, ಆದರೂ ‘ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ’ ಎಂದು ಅವನು ಅಂದುಕೊಳ್ಳುವುದು ಇಂಥ ಕಡೆಯೇ.

ಅರೇಯ ಎಣಿಕೆ ಸೊನ್ನೆಯಿಂದ ಶುರುವಾಗುವುದು ಎಲ್ಲ ದೇಶದ ಹೊಸಬರನ್ನೂ ಎಡವಿಸುವ ಕಲ್ಲು. ಐದು ಅಂಕಗಳ ಅರೇಗೆ 0ಯಿಂದ 4ರವರೆಗೆ ಮನೆಗಳು. 5ನೇ ಮನೆಗೆ ಕೈ ಹಾಕಿದರೆ ಸಿ ಭಾಷೆ ತಡೆಯುವುದಿಲ್ಲ, ಪಕ್ಕದವರ ಅಂಗಳದಲ್ಲಿ ಇದ್ದದ್ದನ್ನು ತಂದು ತೋರಿಸುತ್ತದೆ. ಪೈಥಾನ್‌ನಲ್ಲಿ 1ರಿಂದ 10ರವರೆಗೆ ಎಂದು ‘ರೇಂಜ್’ ಬರೆದರೆ 9ಕ್ಕೇ ನಿಲ್ಲುತ್ತದೆ, ಹತ್ತರ ಮಗ್ಗಿಯ ಕೊನೆಯ ಸಾಲು ಮಾಯವಾಗುತ್ತದೆ. ನಾನು ಇದಕ್ಕೆ ವಯಸ್ಸಿನ ಲೆಕ್ಕ ಹೇಳುತ್ತೇನೆ. ‘ಹುಡುಗನಿಗೆ ಐದು ತುಂಬಿ ಆರರಲ್ಲಿ ಬಿದ್ದಿದೆ’ ಎಂದು ನಾವು ಹೇಳುವುದಿಲ್ಲವೇ? ಆರನೆಯ ವರ್ಷ ನಡೆಯುತ್ತಿರುವವನಿಗೆ ತುಂಬಿದ್ದು ಐದೇ. ಹುಟ್ಟಿದ ಮೊದಲ ವರ್ಷದಲ್ಲಿರುವ ಕೂಸಿಗೆ ತುಂಬಿದ್ದು ಸೊನ್ನೆ. ಅರೇಯ ಮನೆ ಸಂಖ್ಯೆ ಎಂದರೆ ಅದಕ್ಕೆ ಮೊದಲು ಎಷ್ಟು ಮನೆ ದಾಟಿದೆವು ಎಂಬ ಲೆಕ್ಕ. ಇದನ್ನು ಕೇಳಿದ ಮೇಲೆ ಮಕ್ಕಳು ಎಡವುವುದಿಲ್ಲ ಎಂದಲ್ಲ, ಎಡವಿದಾಗ ಯಾವ ಕಲ್ಲು ಎಂದು ಅವರಿಗೇ ಗೊತ್ತಾಗುತ್ತದೆ.

ಕಂಪೈಲರಿನ ಮಾತು ಬಂದದ್ದರಿಂದ ಟರ್ಬೊ ಸಿ ಎಂಬ ಹಳೆಯ ಸಿ ಕಂಪೈಲರ್ ಬಗ್ಗೆಯೂ ಬರೆಯುವುದು ಅನಿವಾರ್ಯ. ಬೋರ್ಲೆಂಡ್ ಕಂಪನಿ ಅದನ್ನು ಮೊದಲು ಹೊರತಂದದ್ದು 1987ರಲ್ಲಿ. ಇಂದಿನ 64 ಬಿಟ್ ವಿಂಡೋಸ್ ಮೇಲೆ ಅದು ನೇರವಾಗಿ ಓಡುವುದೂ ಇಲ್ಲ, ಡಾಸ್‌ಬಾಕ್ಸ್ ಎಂಬ ಹಳೆಯ ಕಾಲದ ವೇಷ ತೊಡಿಸಿ ಓಡಿಸಬೇಕು. ಹಾಗಿದ್ದರೂ ನಮ್ಮ ಕೆಲವು ಲ್ಯಾಬುಗಳಿಂದ ಅದು ಕದಲಿಲ್ಲ. ಅಲ್ಲಿ ಪೂರ್ಣಾಂಕಕ್ಕೆ ಸಿಗುವುದು 16 ಬಿಟ್, ಅಂದರೆ 32767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. 1ರಿಂದ ಕೊಟ್ಟ ಸಂಖ್ಯೆಯವರೆಗೆ ಗುಣಿಸುತ್ತ ಹೋಗುವ ಫ್ಯಾಕ್ಟೋರಿಯಲ್ ಪ್ರೋಗ್ರಾಂ ಬರೆದು 7 ಕೊಟ್ಟರೆ 5040 ಸರಿಯಾಗಿ ಬರುತ್ತದೆ. 8 ಕೊಟ್ಟರೆ 40320 ಬರಬೇಕಾದಲ್ಲಿ -25216 ಬರುತ್ತದೆ. ಸಂಖ್ಯೆಗಳನ್ನು ಗುಣಿಸುತ್ತ ಹೋದರೆ ಋಣ ಸಂಖ್ಯೆ ಹೇಗೆ ಬಂತು ಎಂದು ಮಕ್ಕಳು ತಮ್ಮ ಲೂಪನ್ನೇ ಶಂಕಿಸುತ್ತಾರೆ. 40320ರಿಂದ 65536 ಕಳೆದು ನೋಡಿ ಎಂದರೆ ಗುಟ್ಟು ಬಯಲಾಗುತ್ತದೆ. ಇಂದಿನ 32 ಬಿಟ್ ಪೂರ್ಣಾಂಕದಲ್ಲಿಯೂ ಇದು ತಪ್ಪಿದ್ದಲ್ಲ, 12ರವರೆಗೆ ತಾಳುತ್ತದೆ, 13ಕ್ಕೆ ಕೆಡುತ್ತದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ಒಂದು ನಿಮಿಷವೂ ಕಳೆಯದೆ ನಾಶವಾದದ್ದು, ದೊಡ್ಡ ಸಂಖ್ಯೆಯೊಂದನ್ನು 16 ಬಿಟ್ ಡಬ್ಬಿಗೆ ತುಂಬಲು ಹೋಗಿ. ಇದನ್ನು ಹೇಳಿದಾಗ -25216 ತಂದ ಹುಡುಗನ ಮುಖ ಸ್ವಲ್ಪ ಅರಳುತ್ತದೆ. ಒಟ್ಟಿನಲ್ಲಿ ಜಿಸಿಸಿ ಉಚಿತವಾಗಿ ಸಿಗುವಾಗ ಟರ್ಬೊ ಸಿ ಉಳಿಸಿಕೊಳ್ಳಲು ನನಗೆ ಒಂದು ಕಾರಣವೂ ಕಾಣುವುದಿಲ್ಲ. ಅದರಲ್ಲಿ ಕಲಿತ ಮಕ್ಕಳು ಹೊರಗೆ ಹೋದ ಕೂಡಲೇ ಟರ್ಬೊ ಸಿ ಜೊತೆ ಬರುವ ‘ಕೋನಿಯೊ ಡಾಟ್ ಎಚ್’ ಎಂಬ ಕಡತವೇ ಇಲ್ಲವೆಂಬ ಸಂದೇಶ ಕಂಡು ಮತ್ತೆ ಒಂದನೇ ತರಗತಿಗೆ ಮರಳುತ್ತಾರೆ.

ಪೈಥಾನ್‌ನಲ್ಲಿ ಕೀಲಿಮಣೆಯಿಂದ ಓದಿಕೊಂಡದ್ದೆಲ್ಲ ಪಠ್ಯವೇ ಎಂಬುದನ್ನು ಮರೆತರೆ 20 ಮತ್ತು 30 ಕೂಡಿಸಿ 2030 ಆಗುತ್ತದೆ. ಇದು ಬೇಗ ಕಾಣುತ್ತದೆ. ಕಾಣದಿರುವುದು ಹೋಲಿಕೆಯಲ್ಲಿ: 9, 85, 72 ಎಂಬ ಅಂಕಗಳಲ್ಲಿ ದೊಡ್ಡದು ಯಾವುದು ಎಂದರೆ 9 ಎನ್ನುತ್ತದೆ, ಏಕೆಂದರೆ ಪಠ್ಯವನ್ನು ನಿಘಂಟಿನಲ್ಲಿ ಪದ ಜೋಡಿಸಿದಂತೆ ಮೊದಲ ಅಕ್ಷರದಿಂದ ಹೋಲಿಸುತ್ತದೆ. ಎರಡಂಕಿಯ ಅಂಕಗಳನ್ನಷ್ಟೇ ಕೊಟ್ಟು ಪರೀಕ್ಷಿಸಿದ ಹುಡುಗನಿಗೆ ಪ್ರೋಗ್ರಾಂ ಸರಿಯಾಗಿಯೇ ಕಾಣುತ್ತದೆ. ಎಂಥ ಸಂಖ್ಯೆ ಕೊಟ್ಟು ಪರೀಕ್ಷಿಸಬೇಕು ಎಂಬುದನ್ನೂ ಹೀಗಾಗಿ ಕಲಿಸಬೇಕು. ಸೊನ್ನೆ, ಋಣ ಸಂಖ್ಯೆ, ಒಂದಂಕಿ, ಮೂರಂಕಿ, ಏನೂ ಕೊಡದೆ ಎಂಟರ್ ಒತ್ತುವುದು. ನಮ್ಮ ಮಕ್ಕಳಿಗೆ ನಾನು ಕೊಡುವ ಪ್ರಿಯವಾದ ಪರೀಕ್ಷೆ ನಮ್ಮೂರಿನ ಹೆಸರು. ‘ಕಲಬುರಗಿ’ ಎಂಬ ಪದದ ಉದ್ದ ಎಷ್ಟು ಎಂದು ಪೈಥಾನ್ ಅನ್ನು ಕೇಳಿದರೆ 7 ಎನ್ನುತ್ತದೆ. ಕೈಬೆರಳಲ್ಲಿ ಎಣಿಸಿದರೆ ಅಕ್ಷರ ಐದು. ಬಕಾರದ ಕೊಂಬನ್ನೂ ಗಕಾರದ ಗುಡಿಸನ್ನೂ, ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿ ಬೇರೆ ಬೇರೆಯಾಗಿ ಎಣಿಸುತ್ತದೆ. ಅದೇ ಪದವನ್ನು ಹಿಂದುಮುಂದಾಗಿ ತಿರುಗಿಸಿದರೆ ಗುಡಿಸು ಒಂಟಿಯಾಗಿ ಮುಂದೆ ಬಂದು ನಿಲ್ಲುತ್ತದೆ, ಬಕಾರದ ಕೊಂಬು ರಕಾರಕ್ಕೆ ಹೋಗಿ ಅಂಟುತ್ತದೆ. ಸಿ ಭಾಷೆಯಲ್ಲಿ ಯುಟಿಎಫ್-8 ಎಂಬ ರೂಪದ ಪಠ್ಯವಾಗಿ ಬೈಟ್ ಲೆಕ್ಕದಲ್ಲಿ ಅಳೆದರೆ 21 ಬರುತ್ತದೆ, ಪ್ರತಿಯೊಂದಕ್ಕೂ ಮೂರು ಬೈಟ್. ಇಂಗ್ಲಿಷ್ ಪದಗಳನ್ನಷ್ಟೇ ಕೊಟ್ಟು ಪುಸ್ತಕ ಮುಗಿಸಿದವರಿಗೆ ಈ ತಪ್ಪು ಎಂದೂ ಎದುರಾಗುವುದಿಲ್ಲ; ಕನ್ನಡದ ಮಕ್ಕಳು ಮೊದಲ ಸೆಮಿಸ್ಟರಿನಲ್ಲೇ ಅದರ ಜೊತೆ ಗುದ್ದಾಡಬಹುದು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇದೆಲ್ಲ ಯಾಕೆ ಬೇಕು, ತಪ್ಪನ್ನು ಅದರ ಮುಂದಿಟ್ಟರೆ ಸರಿಮಾಡಿ ಕೊಡುತ್ತದಲ್ಲ ಎಂದು ಸ್ನೇಹಿತರೊಬ್ಬರು ಕೇಳಿದರು. ಕೊಡುತ್ತದೆ, ಬಹಳ ಸಲ ಸರಿಯಾಗಿಯೇ ಕೊಡುತ್ತದೆ, ಮತ್ತು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ವಿವರಿಸುತ್ತದೆ ಎಂಬುದು ನನಗೆ ಸಂತೋಷದ ವಿಷಯ. ಆದರೆ ಹೊಸಬರು ಅದನ್ನು ಬಳಸುವ ರೀತಿ ನೋಡಿದರೆ, ಹಿಂದೆ ನಾನು ಮಾಡುತ್ತಿದ್ದುದನ್ನೇ ಅದು ಮಾಡುತ್ತಿದೆ: ಹುಡುಗನನ್ನು ಪಕ್ಕಕ್ಕೆ ಸರಿಸಿ ಕೀಬೋರ್ಡ್ ತೆಗೆದುಕೊಳ್ಳುವುದು. ಪರೀಕ್ಷೆಯ ಲ್ಯಾಬಿಗೆ ಅದೂ ಬರುವುದಿಲ್ಲ, ನಾನೂ ಬರುವುದಿಲ್ಲ. ನಮ್ಮ ಓಣಿಯ ಮಕ್ಕಳಿಗೆ ನಾನು ಹಾಕಿದ ಷರತ್ತು ಒಂದೇ. ‘ಸರಿಮಾಡಿ ಕೊಡು’ ಎಂದು ಅದನ್ನು ಕೇಳಬಾರದು. ‘ಈ ಸಂದೇಶದ ಅರ್ಥವೇನು, ಪ್ರೋಗ್ರಾಂ ಬರೆಯಬೇಡ’ ಎಂದು ಕೇಳಬೇಕು. ಷರತ್ತನ್ನು ಎಷ್ಟು ಪಾಲಿಸುತ್ತಾರೋ ದೇವರಿಗೇ ಗೊತ್ತು.

ಕಾಲೇಜುಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ನಮ್ಮ ಭಾಗಕ್ಕೆ ಬರುವ ಅನುದಾನದ ಮಾತು ಬಂದಾಗಲೆಲ್ಲ ಹೊಸ ಕಟ್ಟಡ, ಹೊಸ ಕಂಪ್ಯೂಟರ್ ಎಂದು ಚರ್ಚೆಯಾಗುತ್ತದೆ. ಅವು ಬೇಕು, ಬರಲಿ. ಇದಕ್ಕೆ ಮಾತ್ರ ಅನುದಾನ ಬೇಡ. ಪ್ರತಿ ಲ್ಯಾಬಿನ ಮೊದಲ ಅರ್ಧ ತಾಸನ್ನು, ಬೇಕೆಂದೇ ಒಂದೆರಡು ತಪ್ಪು ಇಟ್ಟು ಬರೆದ ಪ್ರೋಗ್ರಾಂ ಒಂದಕ್ಕೆ ಮೀಸಲಿಡಲಿ. ಆ ಹೊತ್ತಿನಲ್ಲಿ ಇನ್‌ಸ್ಟ್ರಕ್ಟರ್ ಕೈಗಳು ಬೆನ್ನ ಹಿಂದೆ ಇರಲಿ. ಏನು ಬರಬೇಕಿತ್ತು, ಏನು ಬಂತು, ಎಲ್ಲಿಯವರೆಗೆ ಸರಿಯಿದೆ ಎಂದು ಮಾತ್ರ ಅವರು ಕೇಳಲಿ. ಪರದೆ ನೋಡಿ ತಿಳಿಯದಿದ್ದರೆ ಚಿಕ್ಕಂದಿನಲ್ಲಿ ಪಾಟಿಯ ಮೇಲೆ ಮಗ್ಗಿ ಬರೆದಂತೆ, ಹಾಳೆಯ ಮೇಲೆ ಪ್ರತಿ ವೇರಿಯಬಲ್‌ಗೆ ಒಂದು ಕಾಲಂ ಎಳೆದು, ಲೂಪಿನ ಒಂದೊಂದು ಸುತ್ತಿಗೂ ಬೆಲೆ ಹೇಗೆ ಬದಲಾಗುತ್ತದೆ ಎಂದು ಬರೆಸಲಿ. ನಾವು ಡ್ರೈ ರನ್ ಎಂದು ಕರೆಯುತ್ತಿದ್ದ ಈ ಹಳೆಯ ಪದ್ಧತಿ ಕಂಪ್ಯೂಟರ್‌ಗಳು ಹೆಚ್ಚಾದ ಹಾಗೆ ಮಾಯವಾಯಿತು. ಕಂಪ್ಯೂಟರ್ ಕಡಿಮೆ ಇದ್ದಾಗ ಪಾಳಿಗಾಗಿ ಕಾಯುತ್ತ ಕೂತ ಮಕ್ಕಳು ಬೇರೆ ದಾರಿಯಿಲ್ಲದೆ ಕಾಗದದ ಮೇಲೆಯೇ ಪ್ರೋಗ್ರಾಂ ಓಡಿಸಿ ನೋಡುತ್ತಿದ್ದರು.

ಲ್ಯಾಬ್ ರೆಕಾರ್ಡಿನ ಬಲಗಡೆ ಗೆರೆಯಿರುವ ಪುಟ, ಎಡಗಡೆ ಗೆರೆಯಿಲ್ಲದ ಖಾಲಿ ಪುಟ ಇರುತ್ತದೆ. ಬಲಗಡೆ ಸರಿಯಾದ ಪ್ರೋಗ್ರಾಂ ಅನ್ನು ಅಂದವಾಗಿ ಬರೆಸುವುದನ್ನು ಯಾರೂ ಬಿಡುವುದು ಬೇಡ. ಎಡಗಡೆಯ ಪುಟದಲ್ಲಿ ಆ ದಿನ ತನಗಾದ ತಪ್ಪನ್ನು ನಾಲ್ಕು ಸಾಲಿನಲ್ಲಿ, ಕನ್ನಡದಲ್ಲಾದರೂ ಸರಿ, ಹುಡುಗ ಬರೆಯಲಿ: ಯಾವ ಸಂದೇಶ ಬಂತು, ನಾನು ಏನೆಂದು ತಿಳಿದೆ, ನಿಜವಾಗಿ ಏನಾಗಿತ್ತು. ತಪ್ಪೇ ಆಗಲಿಲ್ಲ ಎಂದು ಬರೆದು ತಂದವನ ರೆಕಾರ್ಡಿಗೆ ನಾನಾಗಿದ್ದರೆ ಸಹಿ ಹಾಕುವುದಿಲ್ಲ. ಇನ್ನು ಪರೀಕ್ಷೆಯಲ್ಲಿ ಬರವಣಿಗೆಗೆ, ಓಡಿಸಿ ತೋರಿಸಿದ್ದಕ್ಕೆ, ವೈವಾಕ್ಕೆ ಎಂದು ಅಂಕ ಹಂಚಿರುತ್ತಾರೆ. ಕೆಟ್ಟ ಪ್ರೋಗ್ರಾಂ ಒಂದನ್ನು ಕೊಟ್ಟು ಸರಿಪಡಿಸಲು ಹೇಳುವುದಕ್ಕೂ ಒಂದು ಪಾಲು ಇಡಲಿ. ಅಂಕವಿಲ್ಲದ ಕೆಲಸಕ್ಕೆ ಮಕ್ಕಳೂ ಬರುವುದಿಲ್ಲ, ಅಧ್ಯಾಪಕರೂ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಸಿಲೆಬಸ್ ಮುಗಿಯುವುದಿಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಈಗ ಮುಗಿಸುತ್ತಿರುವ ಹನ್ನೆರಡು ಪ್ರೋಗ್ರಾಂಗಳಲ್ಲಿ ಒಂದನ್ನು, ಅದರಲ್ಲಿ ಒಂದು ಅಕ್ಷರ ಅಳಿಸಿ, ಸೆಮಿಸ್ಟರಿನ ಕೊನೆಗೆ ಅದೇ ಮಕ್ಕಳ ಮುಂದಿಟ್ಟು ನೋಡಿ, ಏನು ಮುಗಿದಿದೆ ಎಂಬುದು ಆಕ್ಷೇಪಿಸುವವರಿಗೇ ಗೊತ್ತಾಗುತ್ತದೆ.

ಹೊಸಬರಿಗೆ ಮೇಲಿಂದ ಮೇಲೆ ಕಾಣುವ ಸಿ ಮತ್ತು ಪೈಥಾನ್ ಸಂದೇಶಗಳನ್ನು ಆಯ್ದು, ಪ್ರತಿಯೊಂದರ ಕೆಳಗೆ ಅದರ ಅರ್ಥವನ್ನೂ ಸಾಮಾನ್ಯವಾಗಿ ಎಲ್ಲಿ ಹುಡುಕಬೇಕೆಂಬುದನ್ನೂ ಕನ್ನಡದಲ್ಲಿ ಬರೆದ ಎರಡು ಹಾಳೆಗಳನ್ನು ನಾನು ಸಿದ್ಧಮಾಡಿಟ್ಟಿದ್ದೇನೆ. ಓಣಿಯ ಮಕ್ಕಳೇ ಅದನ್ನು ಎರಡು ಸಲ ತಿದ್ದಿದ್ದಾರೆ, ನಾನು ಬರೆದ ಒಂದೆರಡು ಅರ್ಥಗಳು ಅವರಿಗೆ ಅರ್ಥವಾಗಿರಲಿಲ್ಲ. ಯಾವ ಕಾಲೇಜಿನವರು ಕೇಳಿದರೂ ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ. ಲ್ಯಾಬಿನ ಗೋಡೆಯ ಮೇಲೆ, ‘ಚಪ್ಪಲಿ ಹೊರಗೆ ಬಿಡಿ’ ಎಂಬ ಫಲಕದ ಪಕ್ಕ, ಅದಕ್ಕೂ ಒಂದಿಷ್ಟು ಜಾಗ ಸಿಗಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಂಪ್ಯೂಟರ್ ಲ್ಯಾಬ್ ಇನ್‌ಸ್ಟ್ರಕ್ಟರ್,
ಕಲಬುರಗಿ